ಬಾಯಲ್ಲಿ ನೀರೂರುವುದು, ಗಂಟಲಲ್ಲಿ ತುತ್ತಿಳಿಯುವುದು



ಧಾರವಾಡದಿಂದ ಅಳ್ನಾವರದ ಕಡೆಗೆ ರೈಲಿನಲ್ಲಿ ಹೊರಟರೆ ದಾರಿಯಲ್ಲಿ ಮುಗದ ಸಿಗುತ್ತದೆ. ಬಯಲುಸೀಮೆ ಹಿಂದೆ ಸರಿದು ಮಲೆನಾಡಿನ ಸೆರಗು ಕಾಣಿಸಿಕೊಳ್ಳುವ ಊರು ಅದು. ಅಲ್ಲಿ ಕೆರೆ ಇದೆ, ಭತ್ತದ ಗದ್ದೆಗಳಿವೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಭತ್ತದ ಸಂಶೋಧನಾ ಕೇಂದ್ರವಿದೆ. 'ಮುಗದ ಸುಗಂಧ' ಎಂಬ ಪರಿಮಳದ ಭತ್ತಕ್ಕೆ ಈ ಊರಿನದೇ ಹೆಸರು. ಭತ್ತದ ಊರಿನ ಮಾತು ಕಾಫಿ-ಅಡಿಕೆ ಬೆಳೆಗಾರರ ಪತ್ರಿಕೆಗೆ ಏಕೆ ಎಂದು ಸದಸ್ಯರು ಕೇಳಬಹುದು. ನಾವು ಇಂದು ಹೇಳಹೊರಟಿರುವುದು ಬಾಯಿಯ ಜೊಲ್ಲು ಮತ್ತು ನುಂಗುವ ಕ್ರಿಯೆಯ ವಿಷಯ. ಅದನ್ನು ತಿಳಿಯಲು ಬೇಕಾದ ಉದಾಹರಣೆಗಳೆಲ್ಲ ಮುಗದದಂಥ ಊರಿನ ಕೆರೆಯ ಏರಿಯ ಮೇಲೆ ಕುಳಿತರೆ ಕಣ್ಣೆದುರಿಗೇ ಇವೆ. ಗದ್ದೆಗೆ ನೀರು ಬಿಡುವ ತೂಬು, ತಲೆ ತಗ್ಗಿಸಿ ನೀರು ಕುಡಿಯುವ ದನ, ಬುತ್ತಿ ಉಂಡು ಎಲೆ-ಅಡಿಕೆ ಹಾಕಿಕೊಳ್ಳುವ ರೈತ, ಇಷ್ಟು ಸಾಕು.

ಜೊಲ್ಲಿನ ಮಾತೆಂದು ಮೂಗು ಮುರಿಯಬಾರದು. ನಾವು ಬೆಳೆಯುವ ಅಡಿಕೆ ತನ್ನ ಗುಣವನ್ನೂ ದೋಷವನ್ನೂ ತೋರಿಸುವುದು ಬಾಯಲ್ಲಿಯೇ. ನಾವು ತೋಟಕ್ಕೆ ಬಳಸುವ ಕೆಲವು ಕೀಟನಾಶಕಗಳು ಮೈಗೆ ಹತ್ತಿದಾಗ ಮೊದಮೊದಲು ಸುಳಿವು ಕಾಣುವುದೂ ಅಲ್ಲಿಯೇ. ಆ ಹೊತ್ತಿನಲ್ಲಿ ಹತ್ತಿರ ನಿಂತವರು ಮಾಡುವ ಒಂದು ತಪ್ಪಿನಿಂದ ಮನುಷ್ಯ ಸಾಯಬಹುದು. ಆದ್ದರಿಂದ ಈ ವಿಷಯ ತೋಟದ ಕೆಲಸಕ್ಕೆ ಸಂಬಂಧಪಟ್ಟದ್ದೇ ಆಗಿದೆ.

ತೂಬು ಮತ್ತು ನೀರಗಂಟಿ

ಬಾಯಿಗೆ ನೀರೊದಗಿಸುವ ದೊಡ್ಡ ಗ್ರಂಥಿಗಳು ಮೂರು ಜೊತೆ. ಕಿವಿಯ ಮುಂದೆ, ಕೆನ್ನೆಯ ಹಿಂಭಾಗದಲ್ಲಿ ಒಂದು ಜೊತೆ ಇದೆ. ಮಕ್ಕಳಿಗೆ ಮಂಗನಬಾವು ಬಂದಾಗ ಊದಿಕೊಳ್ಳುವುದು ಇದೇ. ಕೆಳದವಡೆಯ ಅಡಿಯಲ್ಲಿ ಎರಡನೆಯ ಜೊತೆ, ನಾಲಗೆಯ ಕೆಳಗೆ ಮೂರನೆಯ ಜೊತೆ. ಇವಲ್ಲದೆ ತುಟಿ, ಕೆನ್ನೆ, ಅಂಗುಳಗಳ ಒಳಪೊರೆಯಲ್ಲಿ ನೂರಾರು ಸಣ್ಣ ಗ್ರಂಥಿಗಳು ಹರಡಿಕೊಂಡಿವೆ. ಎಲ್ಲವೂ ಸೇರಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಜೊಲ್ಲನ್ನು ಸುರಿಸುತ್ತವೆ. ನಿದ್ದೆಯಲ್ಲಿ ಮಾತ್ರ ಈ ಹರಿವು ಬಹುಮಟ್ಟಿಗೆ ನಿಂತೇ ಹೋಗುತ್ತದೆ. ಬೆಳಿಗ್ಗೆ ಎದ್ದಾಗ ಬಾಯಿ ಅಂಟಂಟಾಗಿ ವಾಸನೆ ಬರುವುದಕ್ಕೆ ಇದು ಮುಖ್ಯ ಕಾರಣ. ಮಲಗುವ ಮೊದಲು ಹಲ್ಲುಜ್ಜಬೇಕೆನ್ನುವುದೂ ಇದಕ್ಕಾಗಿಯೇ.

ಹೊಸ ಮಣ್ಣಿನ ಗಡಿಗೆ ಜಿನುಗುವಂತೆ ರಕ್ತದ ನೀರು ಗ್ರಂಥಿಯ ಮೂಲಕ ತಾನಾಗಿ ಜಿನುಗುತ್ತದೆ ಎಂದು ಯಾರಾದರೂ ಭಾವಿಸಬಹುದು. ಹಾಗಲ್ಲ ಎಂದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜರ್ಮನಿಯ ಶರೀರಶಾಸ್ತ್ರಜ್ಞ ಕಾರ್ಲ್ ಲುಡ್ವಿಗ್ ತೋರಿಸಿಕೊಟ್ಟ. ಗ್ರಂಥಿಯ ನರವನ್ನು ಕೆರಳಿಸಿದಾಗ ಜೊಲ್ಲಿನ ಕಾಲುವೆಯಲ್ಲಿ ಉಂಟಾಗುವ ಒತ್ತಡ ರಕ್ತನಾಳದ ಒತ್ತಡಕ್ಕಿಂತ ಹೆಚ್ಚಾಗಬಲ್ಲದು ಎಂದು ಅವನು ಅಳೆದು ಕಂಡುಕೊಂಡ. ಗಡಿಗೆ ಹೀಗೆ ಮಾಡಲಾರದು. ಗ್ರಂಥಿಯ ಕಣಗಳು ಶಕ್ತಿ ವ್ಯಯಮಾಡಿ ಲವಣಗಳನ್ನು ಕಾಲುವೆಗೆ ತಳ್ಳುತ್ತವೆ, ಅವುಗಳ ಹಿಂದೆಯೇ ನೀರು ಬರುತ್ತದೆ. ಆಮೇಲೆ ಕಾಲುವೆಯ ಗೋಡೆಗಳು ಉಪ್ಪಿನ ಬಹುಭಾಗವನ್ನು ಮರಳಿ ಹೀರಿಕೊಳ್ಳುತ್ತವೆ. ಕಣ್ಣೀರು ಉಪ್ಪಾದರೂ ಜೊಲ್ಲು ಸಪ್ಪೆಯಾಗಿರುವುದು ಇದರಿಂದ.

ಕೆರೆಯ ನೀರು ತನ್ನಷ್ಟಕ್ಕೆ ಗದ್ದೆಗೆ ಇಳಿಯುವುದಿಲ್ಲ, ತೂಬು ಎತ್ತುವವನು ಬೇಕು. ಅವನನ್ನು ನಮ್ಮ ಹಳ್ಳಿಗಳಲ್ಲಿ ನೀರಗಂಟಿ ಎನ್ನುತ್ತೇವೆ. ಬಾಯಲ್ಲಿ ಆಹಾರ ಬಿದ್ದೊಡನೆ, ಅಗಿದೊಡನೆ, ಎಷ್ಟೋ ಸಲ ಹುಣಿಸೆಯ ನೆನಪಾದೊಡನೆಯೇ, ಮೆದುಳಿನ ಬುಡದಿಂದ ನರಗಳ ಮೂಲಕ ಗ್ರಂಥಿಗೆ ಆಜ್ಞೆ ಹೋಗುತ್ತದೆ. ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ವಸ್ತು ಹೊರಬಂದು ಗ್ರಂಥಿಯ ಕಣವನ್ನು ಮುಟ್ಟಿದಾಗ ಜೊಲ್ಲು ಹರಿಯುತ್ತದೆ. ಈ ವಸ್ತುವೇ ಬಾಯಿಯ ನೀರಗಂಟಿ. ಕೆಲಸವಾದೊಡನೆ ಅವನನ್ನು ತೂಬಿನಿಂದ ಬಿಡಿಸಿ ಕಳಿಸಲು ಇನ್ನೊಂದು ವಸ್ತುವಿದೆ. ಅದೊಂದು ಕಿಣ್ವ. ಅದು ಅಸಿಟೈಲ್‌ಕೋಲಿನ್ನನ್ನು ಕ್ಷಣಮಾತ್ರದಲ್ಲಿ ಒಡೆದುಹಾಕುತ್ತದೆ. ಅದನ್ನು ನಾವು ಮೇಲ್ವಿಚಾರಕ ಎಂದು ಕರೆಯೋಣ. ನೀರಗಂಟಿ ಮತ್ತು ಮೇಲ್ವಿಚಾರಕ, ಈ ಇಬ್ಬರನ್ನು ಓದುಗರು ನೆನಪಿನಲ್ಲಿಡಬೇಕು. ಲೇಖನದ ಮುಂದಿನ ಭಾಗ ಇವರ ಮೇಲೆಯೇ ನಿಂತಿದೆ.

ಊಟ ತರುವವನ ಹೆಜ್ಜೆಯ ಸಪ್ಪಳಕ್ಕೇ ನಾಯಿಯ ಬಾಯಲ್ಲಿ ನೀರೂರುವುದನ್ನು ರಷ್ಯದ ಪಾವ್ಲೋವ್ ಗಮನಿಸಿ ದೀರ್ಘಕಾಲ ಅಭ್ಯಸಿಸಿದ. ಜೀರ್ಣಾಂಗಗಳ ಕೆಲಸದ ಬಗೆಗಿನ ಸಂಶೋಧನೆಗೆ ಅವನಿಗೆ 1904ರಲ್ಲಿ ನೊಬೆಲ್ ಬಹುಮಾನ ಬಂತು. ಇದಕ್ಕೆ ವಿರುದ್ಧವಾದ ಅನುಭವವೂ ನಮಗೆ ಗೊತ್ತಿದೆ. ಸಭೆಯಲ್ಲಿ ಮಾತಾಡಲು ಎದ್ದು ನಿಂತಾಗ ಬಾಯಿ ಒಣಗುತ್ತದೆ, ನಾಲಗೆ ಅಂಗುಳಕ್ಕೆ ಅಂಟುತ್ತದೆ. ಭಯದಲ್ಲಿ ಮೆದುಳೇ ಆಜ್ಞೆಯನ್ನು ತಡೆಹಿಡಿಯುತ್ತದೆ.

ಜೊಲ್ಲಿನಿಂದ ಏನು ಉಪಯೋಗ?

ಜೊಲ್ಲಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರು. ಉಳಿದ ಒಂದು ಪಾಲಿನಲ್ಲಿಯೇ ಎಲ್ಲ ಮಹಿಮೆ ಇದೆ. ಅನ್ನವನ್ನು ಬೇಗ ನುಂಗದೆ ಸ್ವಲ್ಪ ಹೊತ್ತು ಅಗಿದು ನೋಡಿ, ಸಿಹಿಯಾಗುತ್ತದೆ. ಮುಗದ ಸುಗಂಧವಾದರೂ ಸರಿ, ರೇಷನ್ ಅಕ್ಕಿಯಾದರೂ ಸರಿ. ಜೊಲ್ಲಿನ ಒಂದು ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯತೊಡಗುವುದೇ ಇದಕ್ಕೆ ಕಾರಣ. ಇನ್ನೊಂದು ಅಂಶ ಲೋಳೆ. ಅದು ತುತ್ತನ್ನು ಜಾರುವಂತೆ ಮಾಡುತ್ತದೆ. ಸುಣ್ಣದ ಮತ್ತು ರಂಜಕದ ಅಂಶಗಳು ಹಲ್ಲಿನ ಸವೆತವನ್ನು ತುಂಬುತ್ತವೆ, ಕ್ಷಾರದ ಅಂಶ ಹುಳಿಯನ್ನು ಕಳೆಯುತ್ತದೆ, ರೋಗಾಣುಗಳನ್ನು ತಡೆಯುವ ಅಂಶಗಳೂ ಇವೆ.

ರುಚಿಗೂ ಜೊಲ್ಲೇ ಬೇಕು. ಸ್ವಚ್ಛವಾದ ಬಟ್ಟೆಯಿಂದ ನಾಲಗೆಯನ್ನು ಒಣಗುವಂತೆ ಒರೆಸಿ ನಾಲ್ಕು ಕಾಳು ಸಕ್ಕರೆ ಇಟ್ಟರೆ ಸಿಹಿ ತಿಳಿಯದು. ಜೊಲ್ಲಿನಲ್ಲಿ ಕರಗಿದ ಮೇಲೆಯೇ ತಿಳಿಯುತ್ತದೆ. ಎಳೆ ಅಡಿಕೆಯ ಒಗರು ಇದರ ಇನ್ನೊಂದು ಮುಖ. ಒಗರೆಂಬುದು ಉಪ್ಪು-ಹುಳಿಗಳಂಥ ರುಚಿಯಲ್ಲ. ಅಡಿಕೆಯ ಟ್ಯಾನಿನ್ ಜೊಲ್ಲಿನ ಪ್ರೋಟೀನುಗಳನ್ನು ಹಿಡಿದು ಗಂಟುಕಟ್ಟಿಸುತ್ತದೆ. ಆಗ ಜಾರುವ ಗುಣ ಹೋಗಿ ಬಾಯಿ ತರಿತರಿಯಾದಂತೆ ಅನಿಸುತ್ತದೆ. ಹಾಲಿಲ್ಲದ ಗಟ್ಟಿ ಕಾಫಿ ಕುಡಿದಾಗಿನ ಒಗರಿನ ಹಿಂದೆಯೂ ಇಂಥದೇ ಕಾರಣವಿದೆ.

ದನಗಳ ಮಾತು ಇನ್ನೂ ದೊಡ್ಡದು. ದೊಡ್ಡ ಹಸುವೊಂದು ದಿನಕ್ಕೆ ನೂರು ಲೀಟರಿಗೂ ಮೇಲ್ಪಟ್ಟು ಜೊಲ್ಲು ಸುರಿಸಬಲ್ಲದು. ಅದನ್ನೆಲ್ಲ ನುಂಗಿ, ಹೊಟ್ಟೆಯಲ್ಲಿ ಹುಲ್ಲು ಕೊಳೆತು ಹುಟ್ಟುವ ಹುಳಿಯನ್ನು ಹದದಲ್ಲಿಡುತ್ತದೆ. ಒಣಹುಲ್ಲು ಕಡಿಮೆ ಮಾಡಿ ಬರೀ ಹಿಟ್ಟು-ಧಾನ್ಯ ತಿನ್ನಿಸಿದರೆ ಮೆಲುಕು ಕಡಿಮೆಯಾಗಿ, ಜೊಲ್ಲು ಕಡಿಮೆಯಾಗಿ, ಹೊಟ್ಟೆ ಹುಳಿಯಾಗಿ ದನ ಮೇವು ಬಿಡುತ್ತದೆ.

ತುತ್ತಿನ ದಾರಿ

ನುಂಗುವುದು ಸುಲಭವೆಂದು ತೋರುತ್ತದೆ. ಏನನ್ನೂ ತಿನ್ನದೆ, ಕುಡಿಯದೆ, ಒಂದರ ಹಿಂದೆ ಒಂದರಂತೆ ಐದಾರು ಸಲ ನುಂಗಲು ಪ್ರಯತ್ನಿಸಿ. ಮೂರು ನಾಲ್ಕನೆಯ ಸಲಕ್ಕೇ ಕಷ್ಟವಾಗುತ್ತದೆ. ಬಾಯಲ್ಲಿ ಜೊಲ್ಲು ತೀರಿರುತ್ತದೆ, ನುಂಗಲು ವಸ್ತುವೇ ಇಲ್ಲದಿದ್ದರೆ ಗಂಟಲು ಕೆಲಸಕ್ಕೆ ಇಳಿಯುವುದಿಲ್ಲ. ನಾವು ಅರಿಯದೆಯೇ ದಿನಕ್ಕೆ ಸುಮಾರು 500ರಿಂದ 700 ಸಲ ನುಂಗುತ್ತೇವೆ. ಅದರಲ್ಲಿ ಬಹುಪಾಲು ಬರೀ ಜೊಲ್ಲು.

ನುಂಗುವುದರಲ್ಲಿ ಮೂರು ಹಂತಗಳಿವೆ. ಮೊದಲನೆಯದು ನಮ್ಮ ಇಚ್ಛೆಯದು. ನಾಲಗೆ ತುತ್ತನ್ನು ಮುದ್ದೆ ಮಾಡಿ ಅಂಗುಳಕ್ಕೆ ಒತ್ತಿ ಹಿಂದಕ್ಕೆ ತಳ್ಳುತ್ತದೆ. ತುತ್ತು ಗಂಟಲನ್ನು ಮುಟ್ಟಿದ ಮೇಲೆ ನಮ್ಮ ಅಧಿಕಾರ ಮುಗಿಯಿತು, ಮುಂದಿನದು ಮೆದುಳಿನ ಬುಡದ ಆಡಳಿತ. ಎರಡನೆಯ ಹಂತ ಸುಮಾರು ಒಂದು ಸೆಕೆಂಡಿನದು. ಅಷ್ಟರಲ್ಲಿ ಮೃದುವಾದ ಅಂಗುಳ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ. ಉಸಿರು ನಿಲ್ಲುತ್ತದೆ. ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಎಳೆಯಲ್ಪಡುತ್ತದೆ, ಅದರೊಳಗಿನ ತಂತುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಮೇಲಿನ ಮುಚ್ಚಳ ಬಾಗುತ್ತದೆ. ಅನ್ನನಾಳದ ಬಾಯಿ ತೆರೆಯುತ್ತದೆ. ಗಂಟಲಮಣಿಯ ಮೇಲೆ ಬೆರಳಿಟ್ಟು ಒಮ್ಮೆ ನುಂಗಿ ನೋಡಿದರೆ ಅದು ಮೇಲೆ ಹೋಗಿ ಕೆಳಗೆ ಬರುವುದು ಕೈಗೇ ತಿಳಿಯುತ್ತದೆ. ಮೂರನೆಯ ಹಂತದಲ್ಲಿ ಸುಮಾರು 25 ಸೆಂಟಿಮೀಟರು ಉದ್ದದ ಅನ್ನನಾಳ ಅಲೆಯಲೆಯಾಗಿ ಹಿಂಡುತ್ತ ಎಂಟು ಹತ್ತು ಸೆಕೆಂಡುಗಳಲ್ಲಿ ತುತ್ತನ್ನು ಹೊಟ್ಟೆಗೆ ಮುಟ್ಟಿಸುತ್ತದೆ. ತುತ್ತು ಭಾರದಿಂದ ತಾನೇ ಬೀಳುವುದಿಲ್ಲ. ಕೆರೆಯಂಚಿನಲ್ಲಿ ತಲೆ ತಗ್ಗಿಸಿ ಕುಡಿಯುವ ಎತ್ತಿನ ಗಂಟಲಿನಲ್ಲಿ ನೀರು ಮೇಲಕ್ಕೆ ಏರುತ್ತ ಹೋಗುವುದೇ ಇದಕ್ಕೆ ಸಾಕ್ಷಿ.

ಗಂಟಲು ಗಾಳಿಗೂ ಅನ್ನಕ್ಕೂ ಕೂಡುರಸ್ತೆ. ಉಣ್ಣುವಾಗ ಮಾತಾಡಿದರೆ, ನಕ್ಕರೆ, ಮುಚ್ಚಬೇಕಾದ ದಾರಿ ತೆರೆದೇ ಉಳಿದು ಅಗುಳು ಗಾಳಿಯ ದಾರಿಗೆ ಬೀಳುತ್ತದೆ. ನಾವು ಇದನ್ನು 'ನೆತ್ತಿಗೆ ಹತ್ತಿತು' ಎನ್ನುತ್ತೇವೆ, ಯಾರೋ ನೆನೆಸಿದರು ಎಂದು ನೆತ್ತಿ ತಟ್ಟುತ್ತೇವೆ. ನೆತ್ತಿಗೂ ಅದಕ್ಕೂ ಸಂಬಂಧವಿಲ್ಲ. ಕಾಪಾಡುವುದು ಕೆಮ್ಮು. ಕೆಮ್ಮಲು ಶಕ್ತಿಯಿರುವವರನ್ನು ಕೆಮ್ಮಲು ಬಿಡಬೇಕು. ಕೆಮ್ಮಲೂ ಆಗದೆ, ಧ್ವನಿಯೂ ಹೊರಡದೆ ಒದ್ದಾಡುವ ದೊಡ್ಡವರನ್ನು ಮುಂದಕ್ಕೆ ಬಾಗಿಸಿ ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಬಲವಾಗಿ ಐದು ಸಲ ಗುದ್ದಬೇಕು. ಹೋಗದಿದ್ದರೆ ಹಿಂದೆ ನಿಂತು ತಬ್ಬಿ, ಹೊಕ್ಕುಳಿನ ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು. ಚಿಕ್ಕ ಮಕ್ಕಳ ಕೈಗೆ ಅಡಿಕೆಯ ಹೋಳು, ಕಡಲೆಬೀಜ, ಕಾಫಿಬೀಜ ಸಿಗದಂತೆ ನೋಡಿಕೊಳ್ಳಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಪ್ರಜ್ಞೆ ತಪ್ಪಿದವನಲ್ಲಿ ಗಂಟಲಿನ ಈ ಏರ್ಪಾಡೂ ನಿಲ್ಲುತ್ತದೆ, ಕೆಮ್ಮೂ ನಿಲ್ಲುತ್ತದೆ. ಅವನ ಬಾಯಿಗೆ ಹಾಕಿದ ನೀರು ಹೊಟ್ಟೆಗೆ ಬದಲು ಪುಪ್ಪುಸಕ್ಕೆ ಇಳಿಯಬಹುದು. ಲಕ್ವ ಹೊಡೆದವರಲ್ಲಿಯೂ ಅನೇಕರಿಗೆ ನುಂಗುವುದು ಕೆಡುತ್ತದೆ. ಅವರಿಗೆ ಡಾಕ್ಟರು ಪರೀಕ್ಷಿಸಿ ಹೇಳುವವರೆಗೆ ಗಂಜಿಯನ್ನೂ ಕುಡಿಸಬಾರದು. ಆಮೇಲೆಯೂ ಮಲಗಿಸಿ ತಿನ್ನಿಸದೆ, ನೆಟ್ಟಗೆ ಕೂರಿಸಿ ಸಣ್ಣ ಸಣ್ಣ ಚಮಚದಲ್ಲಿ ಕೊಡಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಗಳಿಗೂ ತರಬೇತಿ, ಚಿಕಿತ್ಸೆ ದೊರೆಯುತ್ತದೆ.

ಅಡಿಕೆ ಮಾಡುವ ಕೆಲಸ

ಈಗ ನಮ್ಮ ಬೆಳೆಯ ವಿಷಯಕ್ಕೆ ಬರೋಣ. ಅಡಿಕೆಯಲ್ಲಿ ಅರೆಕೋಲಿನ್ ಎಂಬ ಕ್ಷಾರವಸ್ತುವಿದೆ. ಜರ್ಮನಿಯ ಯಾನ್ಸ್ ಎಂಬ ರಸಾಯನಶಾಸ್ತ್ರಜ್ಞ ಇದನ್ನು 1888ರಲ್ಲಿ ಬೇರ್ಪಡಿಸಿದ. ಗ್ರಂಥಿಯ ಕಣಕ್ಕೆ ಇದು ನೀರಗಂಟಿಯಂತೆಯೇ ಕಾಣುತ್ತದೆ, ತೂಬನ್ನು ಎತ್ತುತ್ತದೆ. ಎಲೆ-ಅಡಿಕೆ ಹಾಕಿದೊಡನೆ ಬಾಯಿ ತುಂಬ ನೀರು ಬರುವುದು ಅಗಿಯುವುದರಿಂದಲೂ ಹೌದು, ಅರೆಕೋಲಿನ್ನಿನಿಂದಲೂ ಹೌದು. ಹೊಸಬರಿಗೆ 'ಅಡಿಕೆ ಸೊಕ್ಕಿ' ಬೆವರು, ತಲೆಸುತ್ತು ಬರುವುದಕ್ಕೂ ಇಂಥ ವಸ್ತುಗಳೇ ಕಾರಣ. ಉಗುಳು ಕೆಂಪಾಗುವುದು ಸುಣ್ಣದ ಕ್ಷಾರದಲ್ಲಿ ಅಡಿಕೆ ಮತ್ತು ಕಾಚಿನ ಒಗರುವಸ್ತುಗಳು ಬಣ್ಣ ತಿರುಗುವುದರಿಂದ.

ಇಷ್ಟೇ ಆಗಿದ್ದರೆ ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ವರ್ಷಗಟ್ಟಲೆ ಅಡಿಕೆಯನ್ನು ದವಡೆಯಲ್ಲಿಟ್ಟುಕೊಳ್ಳುವವರಲ್ಲಿ ಕೆಲವರಿಗೆ ಕೆನ್ನೆಯ ಒಳಪೊರೆಯ ಕೆಳಗೆ ಗಾಯದ ಕಲೆಯಂಥ ನಾರು ಬೆಳೆಯುತ್ತದೆ. ಮೊದಲು ಖಾರ ತಾಗದು, ಬಾಯಿ ಉರಿಯುತ್ತದೆ. ಮುಂದೆ ಕೆನ್ನೆ ಬಿರುಸಾಗಿ ಬಾಯಿ ಪೂರ್ತಿ ತೆರೆಯದು. ನಾರು ಗಂಟಲಿಗೆ ಹಬ್ಬಿದರೆ ನುಂಗುವುದೂ ಕಷ್ಟ. ವೈದ್ಯಶಾಸ್ತ್ರದಲ್ಲಿ ಇದರ ಮೊದಲ ವರದಿ 1952ರದು, ಪೂರ್ವ ಆಫ್ರಿಕದಲ್ಲಿದ್ದ ಐವರು ಭಾರತೀಯ ಹೆಂಗಸರದು. ಇಂಥ ಬಾಯಲ್ಲಿ ಕೆಲವರಿಗೆ ಮುಂದೆ ಕ್ಯಾನ್ಸರೂ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರಕಾರಕಗಳ ಪಟ್ಟಿಗೆ ಸೇರಿಸಿತು. ತಂಬಾಕು ಬೆರೆತರೆ ಅಪಾಯ ಇನ್ನೂ ಹೆಚ್ಚು. ಗುಟ್ಕಾವನ್ನು ಕರ್ನಾಟಕ ಸರಕಾರ 2013ರಲ್ಲಿ ನಿಷೇಧಿಸಿತು.

ಈ ಮಾತು ಬೆಳೆಗಾರರಿಗೆ ಹಿತವಲ್ಲವೆಂದು ನಮಗೆ ಗೊತ್ತು. ಏಜೆನ್ಸಿಯ ತೀರ್ಮಾನಕ್ಕೆ ಬೆಳೆಗಾರರ ಆಕ್ಷೇಪವಿದೆ, ಇನ್ನಷ್ಟು ಸಂಶೋಧನೆಯಾಗಲಿ ಎಂಬ ಬೇಡಿಕೆಯೂ ಇದೆ. ಆ ಚರ್ಚೆ ನಡೆಯಲಿ. ಆದರೆ ಅಡಿಕೆಯ ಬೆಲೆಯ ಚಿಂತೆಗಾಗಿ ನಮ್ಮ ಮನೆಯವರ, ಆಳುಮಕ್ಕಳ ಬಾಯಿಯ ಚಿಂತೆ ಬಿಡಲಾಗದು. ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ನಿಂತು ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಮೇಲಿನ-ಕೆಳಗಿನ ಮುಂಬಲ್ಲುಗಳ ನಡುವೆ ಹೋಗುತ್ತವೆಯೇ ನೋಡಿ. ಹೋಗದಿದ್ದರೆ, ಬಿಳಿಯ ಇಲ್ಲವೆ ಕೆಂಪು ಮಚ್ಚೆಯಿದ್ದರೆ, ಎರಡು ಮೂರು ವಾರಗಳಲ್ಲಿ ಮಾಯದ ಹುಣ್ಣಿದ್ದರೆ, ಅಡಿಕೆ ಬಿಟ್ಟು ಹಲ್ಲಿನ ಡಾಕ್ಟರಿಗೆ ತೋರಿಸಿ. ಬೆಳೆದ ನಾರು ಪೂರ್ತಿ ಹೋಗುವುದು ಅಪರೂಪ. ಬೇಗ ಬಿಟ್ಟಷ್ಟೂ ಲಾಭ.

ತೂಬು ಮುಚ್ಚದೆ ಹೋದಾಗ

ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್ ಮೊದಲಾದವು ಸಾವಯವ ರಂಜಕದ ಗುಂಪಿನ ಕೀಟನಾಶಕಗಳು. ಬೇರುಹುಳಕ್ಕೆ ಹಿಂದೆ ಹಾಕುತ್ತಿದ್ದ ಫೋರೇಟ್ ಹರಳೂ ಇದೇ ಗುಂಪಿನದು. ಅದನ್ನು ನಮ್ಮ ದೇಶದಲ್ಲಿ 2020ರ ಡಿಸೆಂಬರ್ ಕೊನೆಯಿಂದ ನಿಷೇಧಿಸಲಾಗಿದೆ. ಹಳೆಯ ಪೊಟ್ಟಣ ಮೂಲೆಯಲ್ಲಿ ಉಳಿದಿದ್ದರೆ ಬಳಸಬಾರದು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಈ ಗುಂಪಿಗೆ ಸೇರಿದ್ದಲ್ಲ. ಆದರೆ ಮೈಲುತುತ್ತ ಹೊಟ್ಟೆಗೆ ಹೋದರೆ ಅದೂ ವಿಷವೇ.

ರಂಜಕದ ಗುಂಪಿನ ವಿಷ ನೀರಗಂಟಿಯನ್ನು ಮುಟ್ಟುವುದಿಲ್ಲ, ಮೇಲ್ವಿಚಾರಕನ ಕೈಕಟ್ಟುತ್ತದೆ. ತೂಬು ಎತ್ತಿದ ನೀರಗಂಟಿಯನ್ನು ಬಿಡಿಸುವವರೇ ಇಲ್ಲ. ಜೊಲ್ಲು ಕಟವಾಯಿಯಿಂದ ಸುರಿಯುತ್ತದೆ, ಕಣ್ಣೀರು, ಬೆವರು ಹರಿಯುತ್ತವೆ, ವಾಂತಿ-ಭೇದಿಯಾಗುತ್ತದೆ. ಕಣ್ಣಿನ ಪಾಪೆ ಸಾಸಿವೆಯಷ್ಟಕ್ಕೆ ಕುಗ್ಗುತ್ತದೆ. ಸ್ನಾಯುಗಳು ಅದುರುತ್ತವೆ. ಬಾಯಲ್ಲಿ ಕಾಣುವ ಈ ನೆರೆ ಉಸಿರಿನ ಕೊಳವೆಗಳಲ್ಲಿಯೂ ಆಗುತ್ತಿರುತ್ತದೆ. ಮನುಷ್ಯ ಸಾಯುವುದು ಬಹುಮಟ್ಟಿಗೆ ಉಸಿರು ಕಟ್ಟಿ. ಈ ವಿಷ ಬಾಯಿಂದಲೇ ಹೋಗಬೇಕೆಂದಿಲ್ಲ. ಚರ್ಮದಿಂದಲೂ ಉಸಿರಿನಿಂದಲೂ ಹೋಗುತ್ತದೆ.

ಆಸ್ಪತ್ರೆಯಲ್ಲಿ ಕೊಡುವ ಮುಖ್ಯ ಔಷಧಿ ಅಟ್ರೋಪಿನ್. ಅದು ತೂಬಿನ ಹಿಡಿಯ ಮೇಲೆಯೇ ಕುಳಿತು ನೀರಗಂಟಿಯನ್ನು ಹತ್ತಿರ ಬಿಡದು. ಎದೆಯ ಗೊರಗೊರ ಒಣಗುವವರೆಗೆ ಡಾಕ್ಟರು ಅದನ್ನು ಮತ್ತೆ ಮತ್ತೆ ಕೊಡುತ್ತಾರೆ. ದತ್ತೂರಿಯಲ್ಲಿಯೂ ಈ ಜಾತಿಯ ವಸ್ತುವಿದೆ. ಹಾಗೆಂದು ದತ್ತೂರಿಯ ಎಲೆ, ಬೀಜ ಅರೆದು ಯಾರೂ ಕೊಡಬಾರದು. ಪ್ರಮಾಣ ತಿಳಿಯದ ಅದು ಎರಡನೆಯ ವಿಷವಾಗುತ್ತದೆ.

ನೆನಪಿಡಬೇಕಾದುದು

ಒಂದು: ಔಷಧಿ ಹೊಡೆಯುವಾಗ ಎಲೆ-ಅಡಿಕೆ, ಬೀಡಿ ಬೇಡ. ಔಷಧಿ ಹತ್ತಿದ ಬೆರಳು ಬಾಯಿಗೆ ಹೋಗುತ್ತದೆ, ಬಾಯಲ್ಲೂರಿದ ಜೊಲ್ಲಿನೊಡನೆ ವಿಷವೂ ಹೊಟ್ಟೆಗೆ ಇಳಿಯುತ್ತದೆ. ಸಾಬೂನಿನಿಂದ ಕೈ, ಮುಖ ತೊಳೆದ ಮೇಲೆಯೇ ಏನಿದ್ದರೂ.

ಎರಡು: ಹೊಡೆಯುವವನಿಗೆ ಅಕಾರಣವಾಗಿ ಬಾಯಲ್ಲಿ ನೀರೂರತೊಡಗಿದರೆ, ಬೆವರು, ಕಣ್ಣು ಮಂಜು ಬಂದರೆ ಅದನ್ನು ಬಿಸಿಲಿನ ಝಳವೆಂದು ತಳ್ಳಿಹಾಕಬೇಡಿ. ಕೆಲಸ ಕೂಡಲೆ ನಿಲ್ಲಿಸಿ.

ಮೂರು: ಅವನನ್ನು ಗಾಳಿಯಾಡುವ ಕಡೆಗೆ ತಂದು, ತೊಯ್ದ ಬಟ್ಟೆ ತೆಗೆದು, ಮೈಯನ್ನು ಸಾಬೂನು-ನೀರಿನಿಂದ ತೊಳೆಯಿರಿ. ತೊಳೆಯುವವರು ಕೈಗವಸು ಹಾಕಿಕೊಳ್ಳಬೇಕು.

ನಾಲ್ಕು: ಎಚ್ಚರ ಮಂಜಾದವನನ್ನು ಪಕ್ಕಕ್ಕೆ ಮಗ್ಗಲು ಮಾಡಿ ಮಲಗಿಸಿ, ಜೊಲ್ಲು ಹೊರಗೆ ಹರಿದುಹೋಗಲಿ. ಬಾಯಿಗೆ ನೀರು, ಮಜ್ಜಿಗೆ, ಹಾಲು, ಹುಣಿಸೆನೀರು, ಉಪ್ಪುನೀರು, ಯಾವುದನ್ನೂ ಹಾಕಬೇಡಿ. ವಾಂತಿ ಮಾಡಿಸಬೇಡಿ. ಪ್ರೀತಿಯಿಂದ ಕುಡಿಸಿದ ಒಂದು ಲೋಟ ನೀರೇ ಪುಪ್ಪುಸಕ್ಕೆ ಇಳಿದು ಪ್ರಾಣ ತೆಗೆಯಬಹುದು.

ಐದು: 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಿ. ಔಷಧಿಯ ಡಬ್ಬಿಯನ್ನು ಚೀಟಿ ಸಮೇತ ಜೊತೆಗೆ ಒಯ್ಯಿರಿ. ಯಾವ ವಿಷವೆಂದು ತಿಳಿದರೆ ಡಾಕ್ಟರಿಗೆ ಹೊತ್ತು ಉಳಿಯುತ್ತದೆ.

ಸದಸ್ಯರು ಈ ಐದು ಮಾತುಗಳನ್ನು ಕತ್ತರಿಸಿ, ಪಂಪು ಮತ್ತು ಔಷಧಿ ಇಡುವ ಕೋಣೆಯ ಬಾಗಿಲಿಗೆ ಅಂಟಿಸಬೇಕೆಂದು ವಿನಂತಿ. ಓದಲು ಬಾರದ ಕೆಲಸದವರಿಗೆ ಈ ಸಲದ ಸಿಂಪಡಣೆಗೆ ಮೊದಲೇ ಒಮ್ಮೆ ಓದಿ ಹೇಳಿ.